ಮೆಟ್ಟಿಲಿಲ್ಲದ ಮೇಲ್ಮನೆ

ಜನವರಿ 12

ಪ್ರೀತಿಯ ಗುಬ್ಬಿ,

ನಿನ್ನ ಅಕ್ಕ ಮೊನ್ನೆ ಕೋರ್ಟಿನ ಮೆಟ್ಟಿಲೇರಿದಳು. ಏರಲು ನಮಗೀಗ ಉಳಿದಿರುವುದು ಅದೊಂದೇ ಮೆಟ್ಟಿಲು.

ನೀನು ಮ್ಯಾಜಿಸ್ಟ್ರೇಟ್ ಆದ ಮೇಲೆ ಮನೆಯ ಸುದ್ದಿಯನ್ನೂ ಸಾಕ್ಷಿ ಹೇಳಿದ ಹಾಗೆ ಕ್ರಮವಾಗಿ ಹೇಳಬೇಕು ಅನ್ನುತ್ತೀಯಲ್ಲ, ಹೇಳುತ್ತೇನೆ. ಚಿಕ್ಕಪ್ಪ ಕೆಳಗಿನ ಅಂತಸ್ತನ್ನು ಟೈಲ್ಸ್ ಅಂಗಡಿಯವನಿಗೆ ಮಾರಿದ್ದು ನಿನಗೆ ಗೊತ್ತು. ನೆಲವೆಲ್ಲ ತನ್ನದೇ ಎಂಬ ಅವನ ಠೀವಿ ನೋಡಿ ಅಮ್ಮ ಅವನಿಗೆ ‘ಭೂಪತಿ’ ಎಂದು ಹೆಸರಿಟ್ಟಿದ್ದಾಳೆ. ಹೊರಗೋಡೆಗೆ ಅಂಟಿಕೊಂಡಿರುವ ಕಲ್ಲಿನ ಮೆಟ್ಟಿಲು ಮೇಲಿನವರಿಗೂ ಕೆಳಗಿನವರಿಗೂ ಸೇರಿದ್ದು ಎಂದು ಕ್ರಯಪತ್ರದಲ್ಲೇ ಇದೆ. ಆದರೆ ಭೂಪತಿಗೆ ಅಂಗಡಿಯ ಮುಂಭಾಗ ಅಗಲವಾಗಬೇಕಿತ್ತು. ಹೋದ ತಿಂಗಳು ನಾನು ಕಾಲೇಜಿನ ಲೈಬ್ರರಿಯಲ್ಲಿ ಹೊಸ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುತ್ತ ಕೂತಿದ್ದಾಗ ಅವನ ಆಳುಗಳು ಸುತ್ತಿಗೆ ತಂದು, ಅಪ್ಪ ನಿಂತು ಕಟ್ಟಿಸಿದ ಮೆಟ್ಟಿಲನ್ನು ಬುಡಸಮೇತ ಒಡೆದುಹಾಕಿದರು.

ಅಮ್ಮ ಮೇಲೆಯೇ ಇದ್ದಳು. ಸದ್ದು ಕೇಳಿ ಬಾಲ್ಕನಿಗೆ ಬಂದು “ಏನಪ್ಪಾ, ರಿಪೇರಿನಾ?” ಅಂದಳಂತೆ. “ಹೂಂ ಅಮ್ಮಾ” ಅಂದರಂತೆ. ಪಾಪ, ಬಿಸಿಲಲ್ಲಿ ದಣಿಯುತ್ತಾರೆ ಎಂದು ಬುಟ್ಟಿಗೆ ಹಗ್ಗ ಕಟ್ಟಿ ನೀರಿನ ತಂಬಿಗೆ ಇಳಿಸಿದ್ದಾಳೆ! ತನ್ನ ಮೆಟ್ಟಿಲು ಒಡೆಯುವವರಿಗೆ ತಾನೇ ನೀರು ಕುಡಿಸಿದ ಮಹಾತಾಯಿ. ಸಂಜೆ ನಾನು ಬಂದು ಬೀದಿಯಲ್ಲಿ ಬಾಯಿಬಿಟ್ಟುಕೊಂಡು ನಿಂತೆ. “ಅಮ್ಮಾ, ಮೆಟ್ಟಿಲೆಲ್ಲಿ?” ಎಂದರೆ, “ರಿಪೇರಿಗೆ ಹೋಗಿದೆ ಕಣೇ” ಎಂದಳು.

ಈಗ ನಾನು ಏಣಿ ಹತ್ತಿ ಇಳಿದು ಕೆಲಸಕ್ಕೆ ಹೋಗುತ್ತೇನೆ. ಎತ್ತರದ ಕಪಾಟಿನಿಂದ ಪುಸ್ತಕ ತೆಗೆದು ಅಭ್ಯಾಸವಿದೆಯಲ್ಲ, ನನ್ನ ಪದವಿ ಕೊನೆಗೂ ಉಪಯೋಗಕ್ಕೆ ಬಂತು. ಅಮ್ಮನ ಮಂಡಿ ಮಾತ್ರ ಏಣಿಗೆ ಒಪ್ಪುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ ಹಗ್ಗ ಕಟ್ಟಿ ಇಳಿಸುತ್ತೇವೆ ಎಂದು ಎದುರು ಮನೆಯವರು ಬಂದರು. “ನಾನೇನು ಬೀರುವಾ? ಹತ್ತಿದ ಮೆಟ್ಟಿಲಲ್ಲೇ ಇಳೀತೀನಿ” ಎಂದು ಅವರನ್ನು ವಾಪಸು ಕಳಿಸಿದಳು. ಅಂದಿನಿಂದ ನಮ್ಮಮ್ಮ ಮೇಲ್ಮನೆಯ ಕಾಯಂ ಸದಸ್ಯೆ.

ದಾವೆ ಹಾಕಿದ್ದೇವೆ. ತೀರ್ಪು ಬರುವವರೆಗೆ ಒಂದು ಮರದ ಮೆಟ್ಟಿಲಾದರೂ ಇಟ್ಟುಕೊಳ್ಳಲು ಬಿಡಿ ಎಂದು ತುರ್ತು ಅರ್ಜಿಯನ್ನೂ ಕೊಟ್ಟಿದ್ದೇವೆ. ಅಮ್ಮ ದಿನಾ ಕೇಳುತ್ತಾಳೆ: “ನಮ್ಮ ಗುಬ್ಬಿಯೇ ಜಡ್ಜಲ್ವೇನೇ? ಅವನು ಇಲ್ಲಿನ ಜಡ್ಜಿಗೆ ಒಂದು ಮಾತು ಹೇಳಿದ್ರೆ ಆಗಲ್ವಾ?” ಆಗಲ್ಲ ಎಂದು ನನಗೆ ಗೊತ್ತು. ಆದರೂ ಅವಳ ಮಾತನ್ನು ತಲುಪಿಸಿದ್ದೇನೆ.

ಏಣಿಯ ಮೇಲಿಂದ,
ನಿನ್ನ ಅಕ್ಕ

ಜನವರಿ 27

ಪ್ರಿಯ ಅಕ್ಕ,

ವಿಷಯ ತಿಳಿದು ಬೇಸರವಾಯಿತು. ಪ್ರಕರಣ ವಿಚಾರಣೆಯಲ್ಲಿರುವುದರಿಂದ ನಾನು ಅದರ ಬಗ್ಗೆ ಅಭಿಪ್ರಾಯ ಹೇಳುವಂತಿಲ್ಲ. ಅಲ್ಲಿನ ನ್ಯಾಯಾಧೀಶರೊಂದಿಗೆ ಮಾತನಾಡುವುದು ದೂರದ ಮಾತು. ನನ್ನ ಹುದ್ದೆಯ ಪ್ರಸ್ತಾಪ ಆ ಆವರಣದಲ್ಲಿ ಎಲ್ಲೂ ಬರಬಾರದು. ನಿಮ್ಮ ವಕೀಲರಿಗೂ ಹೇಳಬೇಡ.

ತುರ್ತು ಅರ್ಜಿಗಳನ್ನು ಸಾಮಾನ್ಯವಾಗಿ ಬೇಗ ಕೇಳುತ್ತಾರೆ. ಸ್ವಲ್ಪ ತಾಳ್ಮೆ ಇರಲಿ. ಅಮ್ಮನಿಗೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳಲು ಹೇಳು. ಇಲ್ಲಿ ಕೆಲಸ ವಿಪರೀತ, ಸದ್ಯಕ್ಕೆ ಬರಲಾಗುವುದಿಲ್ಲ.

ಇತಿ,
ನಿನ್ನ ತಮ್ಮ

ಫೆಬ್ರವರಿ 22

ಪ್ರೀತಿಯ ಗುಬ್ಬಿ,

ಬೇಗ ಕೇಳುತ್ತಾರೆ ಎಂದು ಬರೆದಿದ್ದೆ. ಕೇಳುವುದೇನೋ ನಿಜ. ಪ್ರತಿಸಲವೂ “ಮುಂದಿನ ತಾರೀಖು ಯಾವುದು ಕೊಡಲಿ?” ಎಂದು ಕೇಳುತ್ತಾರೆ.

ಮೊದಲ ತಾರೀಖಿಗೆ ಜಡ್ಜ್ ಸಾಹೇಬರು ತರಬೇತಿಗೆ ಹೋಗಿದ್ದರು. ತರಬೇತಿಯ ವಿಷಯ ‘ಮೊಕದ್ದಮೆಗಳ ತ್ವರಿತ ವಿಲೇವಾರಿ’. ನಾನು ಹೇಳುತ್ತಿರುವುದು ತಮಾಷೆಯಲ್ಲ, ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ಕಣ್ಣಾರೆ ಓದಿದೆ. ಎರಡನೆಯ ತಾರೀಖಿಗೆ ಭೂಪತಿಯ ವಕೀಲರಿಗೆ ಗಂಟಲು ಕಟ್ಟಿತ್ತು. ಗಂಟಲು ಕಟ್ಟಿದೆ ಎಂದು ಅವರು ಹೇಳಿದ್ದು ಇಡೀ ಹಾಲಿಗೆ ಕೇಳಿಸಿತು. ನಮ್ಮ ವಕೀಲರು ಒಳ್ಳೆಯವರು, ಆದರೆ ಅವರ ಪ್ರತಿ ವಾಕ್ಯವೂ ಮುಗಿಯುವುದು “ಮುಂದಿನ ವಾಯಿದೆಗೆ ನೋಡೋಣ ಮೇಡಂ” ಎಂದೇ. ನಾನು ಅವರಿಗೆ ವಾಯಿದೆ ವಕೀಲರು ಎಂದೇ ಹೆಸರಿಟ್ಟಿದ್ದೇನೆ.

ಆ ಹಾಲನ್ನು ನೀನು ಮೇಲಿನ ಕುರ್ಚಿಯಿಂದ ನೋಡಿರುತ್ತೀಯ. ಒಮ್ಮೆ ನಮ್ಮ ಬೆಂಚಿನಿಂದ ನೋಡು. ಬೆಂಚಿಗೆ ಒರಗುವ ಹಲಗೆ ಇಲ್ಲ. ಫ್ಯಾನು ತಿರುಗುವುದು ಜಡ್ಜರ ತಲೆಯ ಮೇಲೆ ಮಾತ್ರ. ಬಾಗಿಲಲ್ಲಿ ನಿಂತ ಜವಾನ ಅಂಗಳಕ್ಕೆ ಮುಖಮಾಡಿ ಒಂದೊಂದು ಹೆಸರನ್ನೂ ಮೂರು ಸಲ ಕೂಗುತ್ತಾನೆ. ಮೂರನೇ ಕೂಗಿಗೂ ಓಗೊಡದಿದ್ದರೆ ದಾವೆ ವಜಾ. ನನ್ನ ಪಕ್ಕದಲ್ಲಿದ್ದ ಒಬ್ಬ ಹಿರಿಯರು ಬೆಳಗಿನಿಂದ ಪಾಯಿಖಾನೆಗೂ ಹೋಗದೆ ಕಾಲು ಕತ್ತರಿ ಹಾಕಿಕೊಂಡು ಕೂತಿದ್ದರು. “ಹೋಗಿ ಬನ್ನಿ, ನಾನು ನೋಡ್ಕೋತೀನಿ” ಎಂದರೆ, “ಬೇಡ ತಾಯಿ, ಹೋದ ಸಲ ಹೋಗಿ ಬರೋಷ್ಟರಲ್ಲಿ ಕೂಗಿಬಿಟ್ರು. ಮತ್ತೆ ಕೇಸು ಎಬ್ಬಿಸೋಕೆ ಒಂದು ವರ್ಷ ಹಿಡೀತು” ಎಂದರು. ಅವರನ್ನು ಕಕ್ಷಿದಾರರು ಎನ್ನುತ್ತಾರೆ. ಕಕ್ಕಾಬಿಕ್ಕಿದಾರರು ಎಂದರೆ ಸರಿಹೋಗುತ್ತಿತ್ತು.

ಇನ್ನು ಕಮಿಷನರ್ ಪುರಾಣ. ಮೆಟ್ಟಿಲು ಇತ್ತೋ ಇಲ್ಲವೋ ನೋಡಿಕೊಂಡು ಬನ್ನಿ ಎಂದು ಕೋರ್ಟು ಒಬ್ಬ ಎಳೆಯ ವಕೀಲರನ್ನು ಕಮಿಷನರ್ ಮಾಡಿ ಕಳಿಸಿತು. ಅಷ್ಟರಲ್ಲಿ ಭೂಪತಿ ಗೋಡೆಗೆ ಹೊಸ ಬಣ್ಣ ಬಳಿದು, ಮೆಟ್ಟಿಲಿನ ಗುರುತಿದ್ದ ಜಾಗದಲ್ಲಿ ಟೈಲ್ಸ್ ಜಾಹೀರಾತು ಹಚ್ಚಿದ್ದ. ಕಮಿಷನರ್ ಸಾಹೇಬರು ಟೇಪು ಹಿಡಿದು ಬಂದರು, ನನ್ನ ಏಣಿ ನೋಡಿದರು, ತಮ್ಮ ಹೊಸ ಬೂಟು ನೋಡಿಕೊಂಡರು. ಮೇಲಿಂದ ಅಮ್ಮ “ಬಾ ಮಗಾ, ಬಾಗಿಲ ಹೊಸ್ತಿಲ ಹತ್ರ ಕೊನೇ ಕಲ್ಲು ಇನ್ನೂ ಇದೆ, ಬಂದು ನೋಡು” ಎಂದು ಕರೆದಳು. ಅವರು ಹತ್ತಲಿಲ್ಲ. ಅವರ ವರದಿಯನ್ನು ಅಕ್ಷರಶಃ ಬರೆಯುತ್ತಿದ್ದೇನೆ, ಕೂತುಕೊಂಡು ಓದು: ‘ಮೇಲಂತಸ್ತಿಗೆ ಹೋಗಲು ಮೆಟ್ಟಿಲು ಇಲ್ಲದ ಕಾರಣ, ಮೆಟ್ಟಿಲು ಇತ್ತೇ ಎಂಬುದನ್ನು ಪರಿಶೀಲಿಸಲು ಸಾಧ್ಯವಾಗಲಿಲ್ಲ. ಗೋಡೆ ಸುಸ್ಥಿತಿಯಲ್ಲಿದೆ.’

ಗೋಡೆಯ ಆರೋಗ್ಯ ವಿಚಾರಿಸಿದರು. ಅಮ್ಮನದನ್ನು ವಿಚಾರಿಸಲಿಲ್ಲ.

ಕೋಪದಲ್ಲೇ ಬರೆದಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು.
ನಿನ್ನ ಅಕ್ಕ

ಮಾರ್ಚ್ 8

ಪ್ರಿಯ ಅಕ್ಕ,

ಬೆಂಚಿನ ಕಡೆಯಿಂದ ನೀನು ಬರೆದದ್ದನ್ನು ಓದಿದೆ. ಕುರ್ಚಿಯ ಕಡೆಯಿಂದಲೂ ಸ್ವಲ್ಪ ಕೇಳು. ನಿಮ್ಮ ಪ್ರಕರಣದ ಬಗ್ಗೆ ಅಲ್ಲ, ನನ್ನ ಕೋರ್ಟಿನ ಬಗ್ಗೆ.

ನಮ್ಮದು ಎಲ್ಲಕ್ಕಿಂತ ಕೆಳಗಿನ ಕೋರ್ಟು. ನಮ್ಮ ಮೇಲೆ ಜಿಲ್ಲಾ ಕೋರ್ಟು, ಅದರ ಮೇಲೆ ಹೈಕೋರ್ಟು. ಜನ ಮೊದಲು ಬರುವುದು ನಮ್ಮಲ್ಲಿಗೆ. ಕುರ್ಚಿ, ಗುಮಾಸ್ತ, ಕಾಗದ ಕೊನೆಗೆ ಬರುವುದೂ ನಮ್ಮಲ್ಲಿಗೇ. ಬೆಳಿಗ್ಗೆ ಬೇಲಿ, ಬಾಡಿಗೆ, ಪಾಲು ಪಾರೀಕತ್ತು. ಮಧ್ಯಾಹ್ನ ಕಳವು, ಹೊಡೆದಾಟ. ನಡುವೆ ಪೊಲೀಸರು ಹಿಡಿದವರನ್ನು ತಂದು ನಿಲ್ಲಿಸುತ್ತಾರೆ. ಅವರನ್ನು ಜೈಲಿಗೆ ಕಳಿಸಬೇಕೋ ಮನೆಗೋ ಎಂಬುದನ್ನು ಆಗಲೇ ಹೇಳಬೇಕು, ಬೇಲಿಯವರು ಕಾಯಬೇಕು. ನನ್ನ ಬೆರಳಚ್ಚುಗಾರ್ತಿಯನ್ನು ಮೇಲಿನ ಕೋರ್ಟು ಎರವಲು ಪಡೆದಿದೆ. ಸಾಕ್ಷಿ ಹೇಳಿದ್ದನ್ನೆಲ್ಲ ನನ್ನ ಕೈಯಾರೆ ಬರೆದುಕೊಳ್ಳುತ್ತೇನೆ.

ಇನ್ನೊಂದು ಮಾತು ಹೊರಗಿನವರಿಗೆ ಗೊತ್ತಿರುವುದಿಲ್ಲ. ತಿಂಗಳ ಕೊನೆಗೆ ನಮಗೂ ಅಂಕ ಹಾಕುತ್ತಾರೆ. ದಾವೆ ಪೂರ್ತಿ ಮುಗಿಸಿದರೆ ಅಂಕ ಸಿಗುತ್ತದೆ. ನಡುವಿನ ತುರ್ತು ಅರ್ಜಿಯನ್ನು ಎಷ್ಟೇ ತಲೆಕೆಡಿಸಿಕೊಂಡು ತೀರ್ಮಾನಿಸಿದರೂ ನಮ್ಮಲ್ಲಿ ಸಿಗುವುದು ಸೊನ್ನೆ. ಹಾಗಾಗಿ ತುರ್ತಿನದು ಕಾಯುತ್ತದೆ, ತುರ್ತಿಲ್ಲದ್ದು ಮುಗಿಯುತ್ತದೆ.

ಇದನ್ನು ಸಮರ್ಥನೆ ಎಂದು ಬರೆಯುತ್ತಿಲ್ಲ. ಇರುವುದು ಹೀಗೆ.

ಅಮ್ಮ ಊಟ ಸರಿಯಾಗಿ ಮಾಡುತ್ತಾಳೆಯೇ?

ಇತಿ,
ನಿನ್ನ ತಮ್ಮ

ಮಾರ್ಚ್ 30

ಗುಬ್ಬಿ,

ಆದೇಶ ಬಂತು. ಜಡ್ಜ್ ಸಾಹೇಬರು ತಲೆಯೆತ್ತದೆ ಓದಿದರು: ‘ಉಭಯ ಪಕ್ಷಗಳೂ ಯಥಾಸ್ಥಿತಿಯನ್ನು ಕಾಯ್ದುಕೊಳ್ಳತಕ್ಕದ್ದು.’ ಅಷ್ಟರಲ್ಲಿ ಜವಾನ ಮುಂದಿನ ಹೆಸರು ಕೂಗಿಯಾಗಿತ್ತು.

ವಾಯಿದೆ ವಕೀಲರು ನನ್ನ ಕೈ ಕುಲುಕಿ “ಗೆದ್ವಿ ಮೇಡಂ!” ಎಂದರು. ಹೊರಗೆ ಬಂದರೆ ಜಗಲಿಯ ಆ ತುದಿಯಲ್ಲಿ ಭೂಪತಿಯ ವಕೀಲರೂ ಅವನ ಕೈ ಕುಲುಕುತ್ತ “ಗೆದ್ವಿ ಸಾರ್!” ಎನ್ನುತ್ತಿದ್ದರು. ಇಬ್ಬರೂ ಗೆದ್ದ ಈ ಆಟದಲ್ಲಿ ಸೋತದ್ದು ಯಾರು ಎಂದು ನನಗೆ ಹೊಳೆದದ್ದು ಬಸ್ಸಿನಲ್ಲಿ ಕೂತಮೇಲೆ. ಇಂದಿನ ಸ್ಥಿತಿ ಏನು? ಮೆಟ್ಟಿಲಿಲ್ಲ. ಅದನ್ನೇ ನಾವು ಜೋಪಾನವಾಗಿ ಕಾಯ್ದುಕೊಳ್ಳಬೇಕು! ಮುರಿದ ಕೈ ಹಿಡಿದು ಆಸ್ಪತ್ರೆಗೆ ಹೋದವನಿಗೆ ‘ಮುರಿದದ್ದನ್ನು ಮುರಿದಂತೆಯೇ ಇಟ್ಟುಕೊಳ್ಳತಕ್ಕದ್ದು’ ಎಂದು ಚೀಟಿ ಬರೆದುಕೊಟ್ಟರೆ ಹೇಗಿರುತ್ತದೆ? ಇದು ಯಥಾಸ್ಥಿತಿಯಲ್ಲ ಕಣೋ, ವ್ಯಥಾಸ್ಥಿತಿ.

ಬಡಗಿ ಮರದ ಮೆಟ್ಟಿಲು ಮಾಡಿ ಮುಗಿಸಿದ್ದ. ಈಗ ಅದನ್ನು ಗೋಡೆಗೆ ಸೇರಿಸಿದರೆ ಕೋರ್ಟಿನ ಆಜ್ಞೆ ಮೀರಿದ ಹಾಗಂತೆ. ನನ್ನ ಏಣಿಯೂ ಗೋಡೆಗೆ ಒರಗಿಕೊಂಡೇ ಇದ್ದರೆ ‘ಹೊಸ ನಿರ್ಮಾಣ’ ಆಗಿಬಿಡುತ್ತದಂತೆ. ಆದ್ದರಿಂದ ಹತ್ತಿದ ತಕ್ಷಣ ಮೇಲೆಳೆದುಕೊಳ್ಳಿ ಎಂದು ವಕೀಲರ ಸಲಹೆ. ಬೆಳಿಗ್ಗೆ ನಾನಿಳಿದ ಮೇಲೆ ಅಮ್ಮ ಎಳೆದುಕೊಳ್ಳುತ್ತಾಳೆ, ಸಂಜೆ ಇಳಿಬಿಡುತ್ತಾಳೆ. ತನ್ನ ಸೆರೆಮನೆಯ ಬೀಗವನ್ನು ತಾನೇ ಹಾಕಿ ತೆಗೆಯುವ ಕೆಲಸ.

ಮೇಲಿನ ಕೋರ್ಟಿಗೆ ಮೇಲ್ಮನವಿ ಕೊಟ್ಟಿದ್ದೇವೆ. ಮೇಲ್ಮನೆಯವರ ಮೇಲ್ಮನವಿ. ಕೆಳಗಿನ ಕೋರ್ಟಿನ ಕಡತ ಬರಲಿ ಎಂದರು. ಎರಡೂ ಕೋರ್ಟು ಒಂದೇ ಕಟ್ಟಡದಲ್ಲಿವೆ, ಒಂದು ಕೆಳಗೆ, ಒಂದು ಮೇಲೆ. ನಡುವೆ ಅಗಲವಾದ, ಗಟ್ಟಿಮುಟ್ಟಾದ, ಕಟಕಟೆಯಿರುವ ಮೆಟ್ಟಿಲಿದೆ. ಕಡತ ಇನ್ನೂ ಹತ್ತಿಲ್ಲ.

ಒಂದು ಪ್ರಶ್ನೆ. ನಿಮ್ಮ ಪ್ರಕರಣದ ಬಗ್ಗೆ ಮಾತಾಡುವಂತಿಲ್ಲ ಎನ್ನಬೇಡ, ಇದು ನಿನ್ನ ಬಗ್ಗೆ. ನೀನೂ ಈ ‘ಯಥಾಸ್ಥಿತಿ’ ಎಂಬ ಪದವನ್ನು ಬರೆಯುತ್ತೀಯಾ? ಬರೆಯುವ ಮೊದಲು, ಯಾರ ಸ್ಥಿತಿ, ಯಾವ ದಿನದ ಸ್ಥಿತಿ ಎಂದು ತಲೆಯೆತ್ತಿ ನೋಡುತ್ತೀಯಾ?

ಅಕ್ಕ

ಜೂನ್ 8

ಗುಬ್ಬಿ,

ನಿನ್ನಿಂದ ಉತ್ತರವಿಲ್ಲ. ಮೂರು ಸಲ ಕೂಗಿ ವಜಾ ಮಾಡಿಬಿಡೋಣ ಎನ್ನಿಸಿತ್ತು. ಆದರೆ ನಿನ್ನೆ ನಡೆದದ್ದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಅಮ್ಮನಿಗೆ ವಯಸ್ಸಾಗಿದೆ ಎಂದು ಅವಳ ಸಾಕ್ಷಿಯನ್ನು ಮೊದಲೇ ಬರೆದುಕೊಳ್ಳಲು ಕೋರ್ಟು ಒಪ್ಪಿತು. ಅವಳು ಕೋರ್ಟಿಗೆ ಬರಲಾರಳು. ಕೋರ್ಟೇ ಅವಳಲ್ಲಿಗೆ ಹೋಗಬೇಕು. ಅದೇ ಕಮಿಷನರ್, ಅದೇ ಬೂಟು. ಹತ್ತುವುದಿಲ್ಲ ಎಂದರು. ಕೊನೆಗೆ ಟೈಲ್ಸ್ ಅಂಗಡಿಯ ಮುಂದೆ ಬೀದಿಯಲ್ಲೇ ಮೇಜು ಕುರ್ಚಿ ಹಾಕಿದರು. ಕಮಿಷನರ್, ಟೈಪ್ ಮಾಡುವ ಹುಡುಗಿ, ಕರಿಕೋಟಿನ ಇಬ್ಬರು ವಕೀಲರು ಕೆಳಗೆ, ಅಮ್ಮ ಮೇಲೆ ಬಾಲ್ಕನಿಯಲ್ಲಿ. ಹೂ ಮಾರುವವಳಿಂದ ಹಿಡಿದು ಬಸ್ಸಿಗೆ ಕಾಯುವವರವರೆಗೆ ಬೀದಿಗೆ ಬೀದಿಯೇ ನೆರೆಯಿತು.

ಭೂಪತಿಯ ವಕೀಲರು ಕತ್ತೆತ್ತಿ ಪಾಟೀಸವಾಲು ಶುರುಮಾಡಿದರು. ಗಂಟಲು ಈಗ ಚೆನ್ನಾಗಿದೆ.

“ಅಲ್ಲಿ ಮೆಟ್ಟಿಲು ಯಾವತ್ತೂ ಇರಲೇ ಇಲ್ಲ ಅಂತ ನಾನು ಹೇಳ್ತೀನಿ!”

“ಹಾಗಾದ್ರೆ ನಾನು ಮದುವೆಯಾಗಿ ಬಂದಾಗ ಮೇಲಕ್ಕೆ ಹಾರಿಕೊಂಡು ಬಂದ್ನೇನಪ್ಪಾ?” ಎಂದಳು ಅಮ್ಮ. ಬೀದಿ ಗೊಳ್ಳೆಂದಿತು. ಕಮಿಷನರ್ ಹುಡುಗಿಗೆ ಹೇಳಿ ಟೈಪ್ ಮಾಡಿಸಿದ್ದು: ‘ಮೆಟ್ಟಿಲು ಇರಲಿಲ್ಲ ಎಂಬುದು ಸರಿಯಲ್ಲ.’

“ಒಡೆಯುವಾಗ ನೀವೇ ನೀರು ಕೊಟ್ರಿ. ಅಂದ್ರೆ ನಿಮ್ಮ ಒಪ್ಪಿಗೆ ಇತ್ತು!”

“ಬಾಯಾರಿದೋರಿಗೆ ನೀರು ಕೊಟ್ಟೆ. ಈಗ ನೀನೂ ಕೂಗಿ ಕೂಗಿ ದಣಿದಿದ್ದೀಯ, ಇಳಿಸ್ತೀನಿ, ಕುಡಿ. ಹಾಗಂತ ನಿನ್ನ ಮಾತಿಗೆ ಒಪ್ಪಿದೆ ಅಂತ ಬರ್ಕೋಬೇಡ.” ಟೈಪಾದದ್ದು: ‘ನೀರು ಕೊಟ್ಟದ್ದು ನಿಜ.’

“ನಿಮ್ಮ ಮಗಳು ದಿನಾ ಏಣಿ ಹತ್ತಿ ಓಡಾಡ್ತಾರೆ, ಹೌದೋ ಅಲ್ವೋ?”

“ಓಡಾಡ್ತಾಳೆ. ಬೇರೆ ದಾರಿ ಎಲ್ಲಿ ಉಳಿಸಿದ್ದೀರಿ?”

‘ಮಗಳು ಏಣಿಯ ಮೂಲಕ ದಿನವೂ ಓಡಾಡುತ್ತಾಳೆ ಎಂಬುದು ನಿಜ.’

ನಾನು ಮೇಜಿನ ಹತ್ತಿರ ಹೋಗಿ, “ಅಮ್ಮ ಹೇಳಿದ್ದರಲ್ಲಿ ಅರ್ಧ ಬಿಟ್ಟಿದ್ದೀರಿ” ಎಂದೆ. “ಮೇಡಂ, ಬೇಕಾದ್ದಷ್ಟೇ ಬರೆಯೋದು ಪದ್ಧತಿ” ಎಂದರು ಕಮಿಷನರ್. ಯಾರಿಗೆ ಬೇಕಾದ್ದು ಎಂದು ಕೇಳಬೇಕೆನ್ನುವಷ್ಟರಲ್ಲಿ ಬುಟ್ಟಿ ಕೆಳಗಿಳಿಯಿತು, ಕಾಗದ ಅದರಲ್ಲಿ ಮೇಲೆ ಹೋಯಿತು, ಅಮ್ಮ ಸಹಿ ಹಾಕಿ ಕಳಿಸಿದಳು. ಅದರ ನಕಲು ಇದರೊಂದಿಗಿದೆ. ಅದರಲ್ಲಿ ನಮ್ಮಮ್ಮ ಎಲ್ಲಿದ್ದಾಳೆ ಹುಡುಕು.

ಇವತ್ತು ಬೆಳಿಗ್ಗೆ ನಮ್ಮ ಮೇಲ್ಮನವಿಯನ್ನು ಬೇಗ ಕೇಳಿ ಎಂದು ವಾಯಿದೆ ವಕೀಲರು ಬೇಡಿಕೊಂಡರು. ಕಡತ ಹತ್ತಿಲ್ಲ, ಆದರೆ ನಿನ್ನೆಯ ಆ ಕಾಗದ ಮಾತ್ರ ಅಷ್ಟರಲ್ಲೇ ಮೇಲಿನ ಮೇಜಿಗೆ ತಲುಪಿತ್ತು. ಕೋರ್ಟು ಅದನ್ನು ನೋಡಿ ಹೇಳಿದ್ದು: ‘ಏಣಿಯೆಂಬ ಪರ್ಯಾಯ ವ್ಯವಸ್ಥೆ ಇರುವುದರಿಂದ ತುರ್ತೇನೂ ಕಾಣುವುದಿಲ್ಲ.’

ನಾನು ದಿನಾ ಮನೆ ಸೇರಿದ್ದೇ ತಪ್ಪಾಯಿತು, ಗುಬ್ಬಿ. ಬೀದಿಯಲ್ಲಿ ಮಲಗಿದ್ದರೆ ಗೆಲ್ಲುತ್ತಿದ್ದೆವೇನೋ.

ನಿನ್ನ ಅಕ್ಕ

ಜೂನ್ 27

ಅಕ್ಕ,

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ, ಎದ್ದೆ. ಈಗ ಬರೆಯುತ್ತೇನೆ. ಹೌದು, ನಾನೂ ಯಥಾಸ್ಥಿತಿ ಎಂದು ಬರೆಯುತ್ತೇನೆ. ಜವಾನ ಮುಂದಿನ ಹೆಸರು ಕೂಗುತ್ತಿರುವಾಗ, ಸಹಿ ಹಾಕುವಷ್ಟೇ ಸಲೀಸಾಗಿ. ಯಾರಿಗೂ ಅನ್ಯಾಯವಾಗದಿರಲಿ ಎಂದೇ ಬರೆಯುತ್ತೇನೆ ಅಂದುಕೊಂಡಿದ್ದೆ.

ನಿನ್ನ ಆ ಪ್ರಶ್ನೆಯ ಕಾಗದ ಬಂದ ವಾರ ಇಲ್ಲಿ ಒಬ್ಬ ಇಸ್ತ್ರಿ ಅಂಗಡಿಯ ಹೆಂಗಸಿನ ಅರ್ಜಿ ಮತ್ತೆ ನನ್ನ ಮುಂದೆ ಬಂತು. ಪಕ್ಕದವರು ಅವಳ ಅಂಗಡಿಯ ಬಾಗಿಲಿಗೆ ಅಡ್ಡ ಗೋಡೆ ಕಟ್ಟಿದ್ದರು. ಚಳಿಗಾಲದಲ್ಲೇ ನಾನು ಯಥಾಸ್ಥಿತಿ ಬರೆದಾಗಿತ್ತು. ಈ ಸಲ ತಲೆಯೆತ್ತಿದೆ. ಅವಳ ಮೊಣಕೈಯೆಲ್ಲ ತರಚಿತ್ತು. “ಏನಮ್ಮಾ ಅದು?” ಎಂದೆ. “ಕಿಟಕೀಲಿ ತೂರ್ತೀನಲ್ಲ ಸ್ವಾಮಿ, ನೀವು ಹೇಳಿದ ಹಾಗೆ” ಎಂದಳು.

ನಾನು ಹೇಳಿದ ಹಾಗೆ!

ಸ್ಥಳವನ್ನು ಜಡ್ಜೇ ಹೋಗಿ ನೋಡಲು ಕಾನೂನು ಬಿಡುತ್ತದೆ. ಯಾರೂ ಹೋಗುವುದಿಲ್ಲ ಅಷ್ಟೆ. ಎರಡೂ ಕಡೆಯವರನ್ನು ಕರೆದುಕೊಂಡು ಹೋದೆ. ನೋಡಿ ಬಂದು, ಇಂದಿನ ಸ್ಥಿತಿಯಲ್ಲ, ಗೋಡೆ ಏಳುವ ಹಿಂದಿನ ದಿನದ ಸ್ಥಿತಿ ಇರತಕ್ಕದ್ದು ಎಂದು ಬರೆದೆ. ಗೋಡೆ ಬಿತ್ತು. ಹಾಗೆ ಬರೆಯುವ ಅಧಿಕಾರ ಮೊದಲ ದಿನವೇ ನನ್ನ ಕೈಯಲ್ಲಿತ್ತು.

ಮೊನ್ನೆ ಮೇಲಿನಿಂದ ಕಾಗದ ಬಂದಿದೆ. ಕೋರ್ಟು ನಡೆಯುವ ಹೊತ್ತಿನಲ್ಲಿ ಪೀಠ ಬಿಟ್ಟು ಹೊರಗೆ ಹೋದದ್ದೇಕೆ, ಆ ತಿಂಗಳು ವಿಲೇವಾರಿ ಕುಸಿದದ್ದೇಕೆ, ವಿವರಣೆ ಕೊಡಿ ಎಂದು. ಬಾಗಿಲು ಮುಚ್ಚಿಸಿಟ್ಟ ತಿಂಗಳುಗಳಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ ಅಕ್ಕ! ತೆಗೆಸಿದ್ದಕ್ಕೆ ಕೇಳುತ್ತಿದ್ದಾರೆ. ಕೊಡುತ್ತೇನೆ ವಿವರಣೆ. ನಿನ್ನ ಕಾಗದಗಳಿಂದ ಒಂದೆರಡು ಬೈಗುಳ ಕಡ ತೆಗೆದುಕೊಳ್ಳಲೇ?

ನೀನು ಕಳಿಸಿದ ಸಾಕ್ಷಿಯ ನಕಲನ್ನು ಓದಿದೆ. ಹುಡುಕಿದೆ. ಅಮ್ಮ ಅದರಲ್ಲಿಲ್ಲ, ಕೆಳಗಿನ ಸಹಿ ಬಿಟ್ಟರೆ. ಆ ಸಹಿ ನೋಡಿದ ಮೇಲೆ ಇಲ್ಲಿ ಕೂತಿರಲು ಆಗುತ್ತಿಲ್ಲ.

ಮುಂದಿನ ಶನಿವಾರ ಬರುತ್ತೇನೆ. ಹುದ್ದೆಯನ್ನು ಇಲ್ಲೇ ಬಿಟ್ಟು, ಬರೀ ಮಗನಾಗಿ. ಏಣಿ ಇಳಿಸಿಡಲು ಅಮ್ಮನಿಗೆ ಹೇಳು. ಹತ್ತಿ ಬಂದು ಅವಳ ಪಕ್ಕ ಕೂತು ಊಟ ಮಾಡುತ್ತೇನೆ. ಭೂಪತಿ ಬೇಕಾದರೆ ದೂರು ಕೊಡಲಿ, ನನ್ನ ಮೇಲೇ ಕೊಡಲಿ.

ನಿನ್ನ
ಗುಬ್ಬಿ

ಜುಲೈ 1

ಗುಬ್ಬಿ ಮಗಾ,

ನಾನೇ ಬರೀತಿದ್ದೀನಿ. ನಿಮ್ಮಕ್ಕನ ಕೈಲಿ ಬರೆಸಿದ್ರೆ ಅವಳ ಕೋಪಾನೂ ಸೇರಿಸಿಬಿಡ್ತಾಳೆ. ನನಗೆ ನನ್ನದೇ ಸಾಕಷ್ಟಿದೆ.

ನೀನು ಬರ್ತೀಯ ಅಂತ ಕೇಳಿ ಎರಡು ದಿನದಿಂದ ನಿದ್ದೆ ಇಲ್ಲ. ಜಡ್ಜಾದ ಮೇಲೆ ಒಂದು ಸಲಾನೂ ಬಂದಿಲ್ಲ ನೀನು. ಬಾ. ಆದ್ರೆ ಏಣಿ ಹತ್ತಬೇಡ.

ಯಾಕೆ ಅಂತ ಕೇಳು. ನಿನ್ನ ಹುದ್ದೆ ನಾವು ಯಾರಿಗೂ ಹೇಳಿಲ್ಲ, ಆದ್ರೆ ಆ ಕರಿಕೋಟಿನವನು ಪತ್ತೆ ಮಾಡದೆ ಬಿಡಲ್ಲ. ಮುಂದಿನ ಸಲ ಕೆಳಗೆ ನಿಂತು ಕೂಗ್ತಾನೆ, “ನಿಮ್ಮ ಮಗ, ಸ್ವತಃ ಜಡ್ಜು, ಆರಾಮಾಗಿ ಏಣಿ ಹತ್ತಿ ಬಂದು ಊಟ ಮಾಡ್ಕೊಂಡು ಹೋದ್ರು, ಹೌದೋ ಅಲ್ವೋ?” ನಾನು ಸುಳ್ಳು ಹೇಳೋಳಲ್ಲ. ಹೌದು ಅಂತೀನಿ. ಆಮೇಲೆ ಏನು ಹೇಳಿದ್ರೂ ಆ ಟೈಪಿನ ಹುಡುಗಿ ಹೌದು ಅನ್ನೋದಷ್ಟೇ ಹೊಡೀತಾಳೆ. ನೀರು ಕೊಟ್ಟಿದ್ದು ಒಪ್ಪಿಗೆ ಆಯ್ತು. ನಿಮ್ಮಕ್ಕ ಮನೆಗೆ ಬಂದಿದ್ದು ವ್ಯವಸ್ಥೆ ಆಯ್ತು. ನೀನೂ ಹತ್ತಿಬಿಟ್ರೆ ನಿಮ್ಮಪ್ಪನ ಮೆಟ್ಟಿಲು ಅಲ್ಲಿಗೆ ಮುಗೀತು. ಕಷ್ಟ ಸಹಿಸಿಕೊಂಡ್ರೆ ನಿಮ್ಮ ಕೋರ್ಟಿನಲ್ಲಿ ಅದನ್ನ ಸೌಕರ್ಯ ಅಂತಾರೆ, ನನಗೆ ಇಷ್ಟು ಅರ್ಥ ಆಯ್ತು.

ಅದಕ್ಕೇ ಬೀದಿಯಲ್ಲೇ ನಿಂತ್ಕೋ. ಅಂಗಡಿ ಮುಂದೆ, ಕಮಿಷನರು ಕೂತ ಜಾಗದಲ್ಲೇ ಕುರ್ಚಿ ಹಾಕಿಸ್ತೀನಿ. ಊಟ ಬುಟ್ಟೀಲಿ ಬರುತ್ತೆ. ಎಲ್ಲರ ಎದುರಿಗೆ ಕೂತು ಉಣ್ಣು. ನಾಚಿಕೆ ಆಗಬೇಕಾದವರು ನಾವಲ್ಲ. ಹೋಗಿಬರೋರು ಕೇಳಿದ್ರೆ ಹೇಳು, ಮೇಲಿರೋಳು ನಮ್ಮಮ್ಮ, ಮೆಟ್ಟಿಲು ಬರೋವರೆಗೆ ನಾನೂ ಹತ್ತಲ್ಲ, ಅವಳೂ ಇಳಿಯಲ್ಲ ಅಂತ.

ನೀನು ತಿರುವಿನಲ್ಲಿ ಕಂಡ ಕೂಡಲೇ ನಾನು ಬಾಲ್ಕನಿಯಿಂದ ಹೆಸರು ಹಿಡಿದು ಕೂಗ್ತೀನಿ. ನಿಮ್ಮಲ್ಲಿ ಮೂರನೇ ಕೂಗಿಗೆ ಬರದಿದ್ರೆ ವಜಾ ಅಂತೆ. ನಾನು ನಾಲ್ಕನೇ ಸಲಾನೂ ಕೂಗೋಳು. ಆದ್ರೆ ನೀನು ಮೊದಲನೇದಕ್ಕೇ ಓ ಅನ್ನು. ಜೋರಾಗಿ ಅನ್ನು. ಭೂಪತಿ ಅಂಗಡಿ ಒಳಗೆ ಕೂತಿರ್ತಾನೆ, ಕೇಳಿಸ್ಕೊಳ್ಳಲಿ.

ಇಳಿಯದೆ ಕೂತಿರುವ,
ಅಮ್ಮ